ಮೊಂಡ್ರಿಯಾನನ ಮರಗಳು

ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್ (1872–1944) ಅಮೂರ್ತ ಕಲೆಗೆ ಬಂದದ್ದು ಮರಗಳ ದಾರಿ ಹಿಡಿದು. ಕಪ್ಪು ಗೆರೆಗಳ ನಡುವೆ ಕೆಂಪು, ಹಳದಿ, ನೀಲಿ ಆಯತಗಳನ್ನು ಕೂರಿಸಿದ ಚಿತ್ರಗಳಿಂದಲೇ ಆತನನ್ನು ಗುರುತಿಸುವವರು ಹೆಚ್ಚು. ಆ ಗೆರೆಗಳ ಹಿಂದೆ ಸೇಬಿನ ಮರದ ಬೋಳು ಕೊಂಬೆಗಳಿವೆ.

ಆಮರ್ಸ್‌ಫೋರ್ಟ್‌ನಲ್ಲಿ ಹುಟ್ಟಿದ ಮೊಂಡ್ರಿಯಾನ್ 1892ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಲಾ ಅಕಾಡೆಮಿ ಸೇರಿದ. ಮುಂದೆ ಬಹಳ ಕಾಲ ಆತನ ಕೈ ಆಡಿದ್ದು ಹೊಲ, ಗಾಳಿಗಿರಣಿ, ಹೊಳೆಯಂಚಿನ ಮರಗಳ ಮೇಲೆ. ಊರ ಹೊರಗಿನ ಖೇಯ್ನ್ ನದಿಯ ದಡ ಆತನಿಗೆ ಅಚ್ಚುಮೆಚ್ಚು. ಇಳಿಹೊತ್ತಿನ ಮಂದ ಬೆಳಕಿನಲ್ಲಿ ಎಲೆಗಳ ವಿವರ ಕರಗಿ ಮರದ ಆಕಾರವಷ್ಟೇ ಉಳಿಯುತ್ತದೆ. ಆತ ಹುಡುಕುತ್ತಿದ್ದುದೂ ಅದನ್ನೇ.

1908ರಿಂದ 1910ರ ನಡುವಿನ ‘ಕೆಂಪು ಮರ’ ಈ ಹುಡುಕಾಟದ ಮೊದಲ ದೊಡ್ಡ ಫಲ. ನೀಲಿ ಹಿನ್ನೆಲೆಯಲ್ಲಿ ಎಲೆಯಿಲ್ಲದ ಒಂದೇ ಮರ. ಕಾಂಡ, ಕೊಂಬೆಗಳಲ್ಲೆಲ್ಲ ಕಡುಗೆಂಪು. ಕುಂಚದ ಬೀಸು ಬೀಸಿನಲ್ಲೂ ಅವಸರವಿದೆ, ಮರದೊಳಗೆ ಬೆಂಕಿ ಹರಿದಂತೆ. ಇದು ಮರದ ಹೋಲಿಕೆಯನ್ನು ಬಿಟ್ಟುಕೊಟ್ಟಿಲ್ಲ, ಬಣ್ಣವನ್ನು ಮಾತ್ರ ಸ್ವತಂತ್ರಗೊಳಿಸಿದೆ.

1911ರ ‘ಬೂದು ಮರ’ದಲ್ಲಿ ಆ ಬಣ್ಣವೂ ಹೋಯಿತು. ವಸ್ತುಗಳನ್ನು ಜ್ಯಾಮಿತಿಯ ತುಣುಕುಗಳಾಗಿ ಒಡೆದು ಚಿತ್ರಿಸುವ ಪಿಕಾಸೊ, ಬ್ರಾಕ್‌ರ ಕ್ಯೂಬಿಸಂ ಆತನನ್ನು ಸೆಳೆದದ್ದು ಇದೇ ಹೊತ್ತಿಗೆ. ಕಪ್ಪು, ಬೂದು ಬಿಟ್ಟರೆ ಇಲ್ಲಿ ಬೇರೇನೂ ಇಲ್ಲ. ಕೊಂಬೆಗಳು ಬಿಲ್ಲಿನಂತೆ ಬಾಗಿ ಅಂಚಿನವರೆಗೂ ಚಾಚಿವೆ. ಹತ್ತಿರದಿಂದ ನೋಡಬೇಕಾದದ್ದು ಕೊಂಬೆಗಳ ನಡುವಿನ ಜಾಗವನ್ನು. ಅಲ್ಲಿಯೂ ಬಣ್ಣ ಕೊಂಬೆಯಷ್ಟೇ ದಪ್ಪವಾಗಿ ಕೂತಿದೆ; ಯಾವುದು ಆಕಾಶ, ಯಾವುದು ಮರ ಎಂಬ ಭೇದ ಅಳಿಸಿಹೋಗಿದೆ. ಮೊಂಡ್ರಿಯಾನನ ಇಡೀ ಸಾಧನೆಯಲ್ಲಿ ಇದಕ್ಕಿಂತ ತುಂಬಿದ ಚಿತ್ರ ಸಿಗುವುದು ಕಷ್ಟ.

ಮರು ವರ್ಷದ ‘ಹೂಬಿಟ್ಟ ಸೇಬಿನ ಮರ’ದಲ್ಲಿ ಹೂವಿಲ್ಲ, ಎಲೆಯಿಲ್ಲ. ಒಂದನ್ನೊಂದು ಹಾಯ್ದು ಹೋಗುವ ಬಾಗುಗೆರೆಗಳಿವೆ. ಹೆಸರು ಹೇಳದಿದ್ದರೆ ಮರವೆಂದು ತಿಳಿಯುವುದೇ ಇಲ್ಲ. ಅಷ್ಟರಲ್ಲಿ ಆತ ಪ್ಯಾರಿಸ್ ಸೇರಿದ್ದ. ಬಾಗಿದ ಗೆರೆಗಳು ಮೆಲ್ಲಗೆ ನೆಟ್ಟಗಾದವು. 1917ರಲ್ಲಿ ಥಿಯೊ ವಾನ್ ಡೂಸ್‌ಬರ್ಗ್ ಮೊದಲಾದವರೊಡನೆ ‘ಡಿ ಸ್ಟೈಲ್’ ಎಂಬ ಕಲಾ ಪತ್ರಿಕೆ ಶುರುವಾಯಿತು. 1920ರ ದಶಕಕ್ಕೆ ಅಡ್ಡಗೆರೆ, ಲಂಬಗೆರೆ, ಮೂರು ಮೂಲವರ್ಣಗಳ ಜೊತೆ ಬಿಳಿ, ಕಪ್ಪು, ಬೂದು ಇಷ್ಟೇ ಉಳಿದವು.

ಕಲಾ ಇತಿಹಾಸದ ಪುಸ್ತಕಗಳು ಈ ಮೂರು ಮರಗಳನ್ನು ಒಂದೇ ಪುಟದಲ್ಲಿ ಸಾಲಾಗಿ ಅಚ್ಚು ಹಾಕಿ, ಅಮೂರ್ತಕ್ಕೆ ಏರುವ ಮೆಟ್ಟಿಲೆಂದು ವಿವರಿಸುವುದು ವಾಡಿಕೆ. ಪಾಠಕ್ಕೆ ಅದು ಅನುಕೂಲ, ಮರಗಳಿಗೆ ಅನ್ಯಾಯ. ‘ಬೂದು ಮರ’ ಮುಂದಿನ ಚಿತ್ರಕ್ಕಾಗಿ ಕಾದು ನಿಂತಿಲ್ಲ. ಅದು ತನ್ನಷ್ಟಕ್ಕೆ ತಾನೇ ಪೂರ್ಣ. ಮೂರೂ ಇಂದು ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಂನಲ್ಲಿವೆ. ಆತ ಮುಗಿಸದೆ ಬಿಟ್ಟುಹೋದ ಕೊನೆಯ ಚಿತ್ರ ‘ವಿಕ್ಟರಿ ಬೂಗಿ ವೂಗಿ’ಯೂ ಅಲ್ಲಿಯೇ ಇದೆ. ಅಲ್ಲಿಗೆ ಹೋದವರು ಬಣ್ಣದ ಚೌಕಗಳತ್ತ ಓಡುವ ಮೊದಲು ಮರಗಳ ಮುಂದೆ ಸಾಕಷ್ಟು ಹೊತ್ತು ನಿಲ್ಲಬೇಕು.