ಜಗಲಿಯೇ ಶಾಲೆ, ಅವ್ವನೇ ಟೀಚರು

ಮಂಡ್ಯ ಸೀಮೆಯಲ್ಲಿ ಬೆಳಗಾಗುವುದು ಹಾಲಿನ ಕ್ಯಾನುಗಳ ಸದ್ದಿನಿಂದ. ಮೊದಲು ಡೇರಿಗೆ ಹಾಲು ಹಾಕುವವರು ರಸ್ತೆಗಿಳಿಯುತ್ತಾರೆ. ಆಮೇಲೆ ಸನಿಕೆ ಹೆಗಲಿಗೇರಿಸಿ ಗದ್ದೆಗೆ ನೀರು ಕಟ್ಟಲು ಹೊರಟವರು, ಕಬ್ಬಿನ ಹೊರೆಯಲ್ಲಿ ಮುಳುಗಿಹೋದ ಎತ್ತಿನ ಗಾಡಿಗಳು. ಒಂಬತ್ತು ಗಂಟೆಯ ಹೊತ್ತಿಗೆ ಸಮವಸ್ತ್ರ ತೊಟ್ಟ ಮಕ್ಕಳ ಸಾಲು. ಆ ಸಾಲು ದಾಟಿಹೋದ ಮೇಲೆ ಊರು ತುಸು ಮೌನವಾಗುತ್ತದೆ. ಕೆಲವು ಮನೆಗಳಲ್ಲಿ ಶಾಲೆ ಶುರುವಾಗುವುದು ಆಗಲೇ. ಅಲ್ಲಿ ಗಂಟೆಯಿಲ್ಲ, ಪ್ರಾರ್ಥನೆಯಿಲ್ಲ, ಬೆಂಚಿಲ್ಲ. ಜಗಲಿಯ ಮೇಲೊಂದು ಚಾಪೆ, ಚಾಪೆಯ ಮೇಲೊಂದು ಮಗು, ಪಕ್ಕದಲ್ಲಿ ತಾಯಿ.

ಶಾಲೆಯೇ ಬೇಡವೆಂದು ಮಕ್ಕಳಿಗೆ ಮನೆಯಲ್ಲಿ ಕಲಿಸುವವರು ಲೋಕದಲ್ಲಿ ಹಲವರಿದ್ದಾರೆ. ಅಮೆರಿಕದ ಜಾನ್ ಹೋಲ್ಟ್ ಎಂಬ ಶಿಕ್ಷಣ ಚಿಂತಕ 1977ರಲ್ಲಿ ಅಂಥವರಿಗಾಗಿ ಒಂದು ಪತ್ರಿಕೆಯನ್ನೇ ಆರಂಭಿಸಿದ್ದ. ಬೆಂಗಳೂರಿನಂಥ ನಗರಗಳಲ್ಲೂ ಈ ದಾರಿ ಹಿಡಿದ ಕುಟುಂಬಗಳುಂಟು. ಆದರೆ ಮಂಡ್ಯದ ಈ ಜಗಲಿಗಳವರು ಆ ಪೈಕಿಯಲ್ಲ. ಶಾಲೆ ಬೇಕೋ ಬೇಡವೋ ಎಂದು ಇವರನ್ನು ಯಾರೂ ಕೇಳಲಿಲ್ಲ. ಕೂರಲಾರದ, ನಡೆಯಲಾರದ, ಗುಂಪಿನ ಗದ್ದಲ ತಾಳಲಾರದ ಮಕ್ಕಳು ಇವರ ಪಾಲಿಗೆ ಬಂದರು. ಶಾಲೆ ಮಗುವಿನ ಬಳಿಗೆ ಬರಬೇಕಾಯಿತು.

ಹೀಗೆ ಬರುವುದು ಸರ್ಕಾರದ ಕೃಪೆಯಲ್ಲ, ಮಗುವಿನ ಹಕ್ಕು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 2012ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯಬಹುದೆಂದಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಉಚಿತ ಶಿಕ್ಷಣ 18 ವರ್ಷದವರೆಗೆ. ಕಡತದಲ್ಲಿ ಇದರ ಹೆಸರು ‘ಗೃಹಾಧಾರಿತ ಶಿಕ್ಷಣ’. ಮಗುವಿನ ಹೆಸರು ಹತ್ತಿರದ ಶಾಲೆಯ ಹಾಜರಿಯಲ್ಲಿರುತ್ತದೆ. ತಾಲ್ಲೂಕಿನ ಸಂಪನ್ಮೂಲ ಕೇಂದ್ರದಿಂದ ಶಿಕ್ಷಕಿಯೋ ಶಿಕ್ಷಕರೋ ಮನೆಗೆ ಬಂದು ಕಲಿಸುತ್ತಾರೆ. ಇಲಾಖೆಯ ಬಾಯಲ್ಲಿ ಅವರು ಬಿ.ಐ.ಇ.ಆರ್.ಟಿ. ಹಳ್ಳಿಯವರ ಬಾಯಲ್ಲಿ ಬರೀ ಟೀಚರಮ್ಮ.

ಮಂಡ್ಯ, ಮದ್ದೂರು, ಮಳವಳ್ಳಿ. ಮೂರೂ ‘ಮ’ಕಾರದ ಊರುಗಳು, ಮೂರೂ ಕಾವೇರಿಯ ಋಣದಲ್ಲಿ ಬದುಕುವ ತಾಲ್ಲೂಕುಗಳು. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆಯೇ ಈ ಸೀಮೆ ಕಬ್ಬು-ಭತ್ತ ಕಂಡದ್ದು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮೈಸೂರಿನಿಂದ ಬೇರೆಯಾದ ಮಂಡ್ಯ ಜಿಲ್ಲೆ, ಎಲ್ಲವೂ ಆ ನೀರಿನ ಹಿಂದೆಯೇ ಬಂದವು. ಆ ನೀರು ಇಳಿಯುವ ದಿಕ್ಕಿನಲ್ಲೇ ಹೊರಟರೆ ಮನೆಶಾಲೆಗಳು ಸಿಗುತ್ತಾ ಹೋಗುತ್ತವೆ.

ಬಳಪ ಹಿಡಿಯದ ಕೈ

ಮಂಡ್ಯದ ಹೊರವಲಯದಲ್ಲಿ, ನಾಲೆ ಏರಿಯ ಕೆಳಗಿನ ಒಂದು ಮನೆ. ಎರಡು ಹಸು, ಒಂದು ತೆಂಗಿನ ಮರ, ಮುಂದೊಂದು ಜಗಲಿ. ಆ ಮನೆಯ ಒಂಬತ್ತು ವರ್ಷದ ಹುಡುಗಿಗೆ ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಮೆದುಳಿಗಾದ ಪೆಟ್ಟಿನಿಂದ ಸ್ನಾಯುಗಳು ಮನಸ್ಸಿನ ಮಾತು ಕೇಳದ ಸ್ಥಿತಿ ಅದು. ಬುದ್ಧಿ ಚುರುಕಾಗಿದ್ದರೂ ಕೈ ಸದಾ ಮುಷ್ಟಿ ಕಟ್ಟಿರುತ್ತದೆ.

ಮನೆಯಲ್ಲಿ ಪಾಠ ಎಂದಾಗ ತಾಯಿ ಮೊದಲು ಮಾಡಿದ ಕೆಲಸ ಸಂತೆಯಿಂದ ಸ್ಲೇಟು-ಬಳಪ ತಂದದ್ದು. ತಾನು ಏಳನೇ ತರಗತಿಯವರೆಗೆ ಕಂಡ ಶಾಲೆಯನ್ನೇ ಜಗಲಿಯ ಮೇಲೆ ಹೂಡಲು ಹೊರಟಿದ್ದಳು ಆಕೆ. ಮಗುವಿನ ಮುಷ್ಟಿಯೊಳಗೆ ಬಳಪ ತುರುಕಿ ‘ಅ’ ತಿದ್ದಿಸಿದಳು. ಬಳಪ ಮುರಿಯಿತು, ಮಗು ಅತ್ತಿತು, ತಾಯಿಯೂ ಅತ್ತಳು. ತಿಂಗಳೊಂದು ಹೀಗೇ ಕಳೆಯಿತು.

“ಬಳ್ಪಾನೇ ಹಿಡೀದ ಮ್ಯಾಕೆ ಅದೆಂಥ ಇಸ್ಕೂಲು ಕಣಿ ಮೇಡಂ?” ಎಂದು ಆಕೆ ಟೀಚರಮ್ಮನನ್ನು ಕೇಳಿದಳು.

“ಬಳಪ ಅಲ್ಲಿರಲಿ ಕಣಕ್ಕ. ಇವತ್ತು ನಿಮ್ಮನೇಲಿ ಏನು ಸಾರು?”

“ಇದುಕ್‌ಬೇಳೆ ಸಾರು.”

“ಹಂಗಾದ್ರೆ ಅದೇ ಇವತ್ತಿನ ಪಾಠ.”

ಅವರೆಯ ಕಾಲದಲ್ಲಿ ಮಂಡ್ಯದ ಯಾವ ಮನೆಯಲ್ಲೂ ತಪ್ಪದ ಕೆಲಸವಿದು. ನೆನೆಸಿದ ಅವರೆಕಾಳನ್ನು ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಟಕ್ಕನೆ ಹೊರಗೆ ಹಾರುತ್ತದೆ. ಬಳಪ ಹಿಡಿಯಲು ಬೇಕಾದದ್ದೂ ಅದೇ ಎರಡು ಬೆರಳುಗಳ ಹಿಡಿತ. ವ್ಯತ್ಯಾಸವೆಂದರೆ ಬಳಪ ತಪ್ಪಿದರೆ ಬೈಗುಳ, ಬೇಳೆ ಹಾರಿ ಅಮ್ಮನ ಮೂಗಿಗೆ ಬಡಿದರೆ ನಗು. ಮೊದಲ ದಿನ ಅರ್ಧ ಗಂಟೆಯಲ್ಲಿ ಮೂರು ಕಾಳು. ಅವರೆಯ ಕಾಲ ಮುಗಿಯುವ ಹೊತ್ತಿಗೆ ಒಂದು ಬಟ್ಟಲು. ಆ ಬಟ್ಟಲನ್ನು ಸಂಜೆ ಅಪ್ಪನಿಗೆ ತೋರಿಸುವುದೇ ಪರೀಕ್ಷೆ.

ಲೆಕ್ಕದ ಪಾಠ ಡೇರಿಯಿಂದ ಬಂತು. ಬೆಳಿಗ್ಗೆ ಎಷ್ಟು ಲೀಟರು, ಸಂಜೆ ಎಷ್ಟು ಲೀಟರು ಎಂದು ಪಾಸ್‌ಪುಸ್ತಕ ನೋಡಿ ಹುಡುಗಿ ಕಣ್ಣಲ್ಲೇ ಹೇಳುತ್ತಾಳೆ. ನೆಲದ ಮೇಲೆ ಸುಣ್ಣದಲ್ಲಿ ಬರೆದ ಅಂಕಿಗಳಲ್ಲಿ ಸರಿಯಾದದ್ದರ ಮೇಲೆ ಅವಳ ನೋಟ ನಿಲ್ಲುತ್ತದೆ. ಅದು ತಪ್ಪುವುದು ಅಪರೂಪ.

ರೈಲೇ ಗಡಿಯಾರ

ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಈ ಎರಡೂ ಊರುಗಳ ಒಳಗೆ ಇಳಿಯದೆ ಹಾದುಹೋಗುತ್ತದೆ. ಅದೇ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ಸ್ಕೂಟರುಗಳಿಗೆ ಪ್ರವೇಶವಿಲ್ಲ. ಸ್ಕೂಟರಿನಲ್ಲಿ ಬೊಂಬೆ, ಬಣ್ಣದ ಮಣಿ, ಚಿತ್ರದ ಹಾಳೆಗಳ ಚೀಲ ಇಟ್ಟುಕೊಂಡು ಹೊರಡುವ ಟೀಚರಮ್ಮಂದಿರಿಗೆ ಹಳೆಯ ರಸ್ತೆಯೇ ಗತಿ.

ಮದ್ದೂರು ಎಂದೊಡನೆ ನೆನಪಾಗುವುದು ವಡೆ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬುವರು ಇಲ್ಲಿನ ರೈಲು ನಿಲ್ದಾಣದಲ್ಲಿ ಮಾರತೊಡಗಿದ ತಿಂಡಿ ಅದು ಎನ್ನುತ್ತಾರೆ. ಆ ನಿಲ್ದಾಣದ ಸದ್ದು ಕೇಳುವಷ್ಟು ದೂರದ ಒಂದು ಮನೆಯಲ್ಲಿ ತಾತನೇ ಮೇಷ್ಟ್ರು. ಮೊಮ್ಮಗನಿಗೆ ಆಟಿಸಂ. ಮಾತು ಕಡಿಮೆ, ದಿನಚರಿ ಒಂದಿಷ್ಟು ತಪ್ಪಿದರೂ ತಲೆ ಚಚ್ಚಿಕೊಳ್ಳುತ್ತಾನೆ. ಶಾಲೆಗೆ ಕಳಿಸಿದ ಮೊದಲ ವಾರವೇ ಗದ್ದಲ ತಾಳದೆ ಓಡಿಬಂದವನು.

ಅವನಿಗೆ ತಿಳಿದ ಗಡಿಯಾರ ರೈಲು. ಒಂದು ರೈಲು ಹೋದರೆ ಹಲ್ಲುಜ್ಜುವುದು, ಇನ್ನೊಂದಕ್ಕೆ ತಿಂಡಿ, ಮತ್ತೊಂದಕ್ಕೆ ಪಾಠ. ತಾತ ಇದನ್ನೇ ಹಿಡಿದುಕೊಂಡು ರಟ್ಟಿನ ಮೇಲೆ ರೈಲಿನ ಚಿತ್ರ ಬಿಡಿಸಿದರು. ಪ್ರತಿ ಡಬ್ಬಿಯಲ್ಲೂ ದಿನದ ಒಂದು ಕೆಲಸ. ಭಾನುವಾರದ ಡಬ್ಬಿಗೆ ವಡೆ. ರವೆ, ಮೈದಾ, ಅಕ್ಕಿ ಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವು. ಯಾವುದಾದ ಮೇಲೆ ಯಾವುದು ಎಂಬ ಕ್ರಮವನ್ನು ಹುಡುಗ ಒಮ್ಮೆಯೂ ತಪ್ಪಿಸಿದ್ದಿಲ್ಲ. ತಾತ ಬೇಕೆಂದೇ ಕೈ ತಪ್ಪಿಸಿದರೆ ಅವರ ಕೈ ಹಿಡಿದು ನಿಲ್ಲಿಸುತ್ತಾನೆ. ಅವನ ಬಾಯಿಂದ ಬಂದ ಮೊದಲ ಸ್ಪಷ್ಟ ಮಾತು “ಈರುಳ್ಳಿ” ಎಂದು ತಾತ ಕಂಡವರಿಗೆಲ್ಲ ಹೇಳುತ್ತಾರೆ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ಪ್ರಯಾಣಿಕರ ರೈಲುಗಳು ನಿಂತವು. ಮನೆಯ ಗಡಿಯಾರ ನಿಂತಿತು. ಹುಡುಗ ಹಲ್ಲುಜ್ಜಲಿಲ್ಲ, ಊಟಕ್ಕೆ ಏಳಲಿಲ್ಲ. ವಾರಗಟ್ಟಲೆ ಕಿಟಕಿಯ ಬಳಿಯೇ ಕುಳಿತ. ಕೊನೆಗೆ ತಾತ ಹಿತ್ತಾಳೆ ತಟ್ಟೆಯೊಂದನ್ನು ಹಿಡಿದು, ರೈಲಿನ ವೇಳೆಗೆ ಸರಿಯಾಗಿ ಹಿತ್ತಲಲ್ಲಿ ಲಯಬದ್ಧವಾಗಿ ಬಡಿಯತೊಡಗಿದರು. ಮೂರನೇ ದಿನ ಹುಡುಗ ಎದ್ದು ಹಲ್ಲುಜ್ಜಿದ. ಎಪ್ಪತ್ತರ ಮುದುಕ ತಿಂಗಳುಗಳ ಕಾಲ ರೈಲಾದ ಕಥೆಯಿದು.

ಆಗ ನಾಡಿನ ಪ್ರತಿ ಮನೆಗೂ ಮನೆಶಾಲೆಯ ರುಚಿ ಹತ್ತಿತ್ತು. 2020ರ ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಮೇಷ್ಟ್ರುಗಳು ದೇವಸ್ಥಾನದ ಪಡಸಾಲೆ, ಮರದ ನೆರಳು, ಮನೆಯ ಜಗಲಿ ಹುಡುಕಿಕೊಂಡು ಬಂದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತು, ಮುಂದಿನ ಜನವರಿಯಲ್ಲಿ ಮತ್ತೆ ಶುರುವಾಯಿತು. ಮಕ್ಕಳನ್ನು ದಿನವಿಡೀ ಮನೆಯಲ್ಲಿಟ್ಟುಕೊಂಡು ಕಲಿಸುವುದೆಷ್ಟು ಕಷ್ಟ ಎಂದು ಓದಿದವರು, ಓದದವರು ಎಲ್ಲರೂ ಹಲುಬಿದ ಕಾಲವದು. 2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಯ ಕೋಣೆಗಳೂ ತೆರೆದಾಗ ಊರೆಲ್ಲ ನಿಟ್ಟುಸಿರುಬಿಟ್ಟಿತು. ಆ ದಿನವೂ ಈ ಮನೆಗಳ ಚಾಪೆ ಜಗಲಿಯ ಮೇಲೆಯೇ ಇತ್ತು.

ನಾಲೆಯ ಕೊನೆಯಲ್ಲಿ

ಮದ್ದೂರಿನ ಪಕ್ಕದಲ್ಲೇ ಶಿವಪುರ. 1938ರ ಏಪ್ರಿಲ್‌ನಲ್ಲಿ ಇಲ್ಲಿ ನಡೆದ ಧ್ವಜ ಸತ್ಯಾಗ್ರಹದ ನೆನಪಿಗೆ ಸೌಧವೊಂದು ನಿಂತಿದೆ. ಮದ್ದೂರಿನಿಂದ ಮಳವಳ್ಳಿಯ ದಾರಿ ಹಿಡಿದರೆ ಕಬ್ಬಿನ ಲಾರಿಗಳ ಭಾರತೀನಗರ. ಅದನ್ನು ದಾಟಿ ಮಳವಳ್ಳಿ ಸೀಮೆಗೆ ಕಾಲಿಟ್ಟರೆ ಜನರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತು ‘ಕೊನೇ ಭಾಗ’. ನಾಲೆಯ ಮೇಲ್ಭಾಗದವರು ತಣಿದ ಮೇಲೆ ಕೊನೆಯ ಭಾಗಕ್ಕೆ ನೀರು. ಸರ್ಕಾರದ ಸವಲತ್ತೂ ಹಾಗೆಯೇ ಎಂಬುದು ಇಲ್ಲಿನ ತಾಯಂದಿರ ಅನುಭವ. ಇಡೀ ತಾಲ್ಲೂಕಿಗೆ ಮನೆಗೆ ಬಂದು ಕಲಿಸುವವರು ಬೆರಳೆಣಿಕೆಯಷ್ಟು ಮಂದಿ. ವಾರಕ್ಕೊಮ್ಮೆ ಎಂದುಕೊಂಡದ್ದು ಎಷ್ಟೋ ಸಲ ತಿಂಗಳಿಗೊಮ್ಮೆಯಾಗುತ್ತದೆ. ಉಳಿದ ದಿನಗಳೆಲ್ಲ ತಾಯಿಯದೇ.

ಆ ದಿನಗಳು ಹಗುರವಲ್ಲ. ಮಗು ಬೆಳೆದಂತೆ ಎತ್ತುವ ಭಾರ ಬೆಳೆಯುತ್ತದೆ. ಗಾಲಿಕುರ್ಚಿ ಬಂದರೂ ಹಳೆಯ ಮನೆಯ ಹೊಸ್ತಿಲು ದಾಟುವುದಿಲ್ಲ. ತಾಯಿ ಕೂಲಿಗೆ ಹೋದರೆ ಪಾಠವಿಲ್ಲ, ಪಾಠಕ್ಕೆ ಕುಳಿತರೆ ಕೂಲಿಯಿಲ್ಲ. “ಇದಕ್ಕೆ ಓದ್ಸಿ ಏನ್ ಡೀಸಿ ಮಾಡೀಯೆ?” ಎಂದು ಕೇಳುವವರು ಪಕ್ಕದ ಮನೆಯಲ್ಲೇ ಇರುತ್ತಾರೆ.

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಈ ಪ್ರಶ್ನೆ ಇನ್ನೂ ಕಠಿಣವಾಗಿದೆ. ಅಲ್ಲಿನ ಹದಿಮೂರರ ಹುಡುಗ ಐದನೇ ತರಗತಿಯವರೆಗೆ ನಡೆದುಕೊಂಡೇ ಶಾಲೆಗೆ ಹೋದವನು. ಆಮೇಲೆ ಕಾಲು ಸೋತವು. ಡುಶೆನ್ ಎಂಬ ಸ್ನಾಯುಕ್ಷಯ ಅವನಿಗೆ. ಗಂಡು ಮಕ್ಕಳಿಗೇ ಹೆಚ್ಚಾಗಿ ಬರುವ ಇದರಲ್ಲಿ ಹತ್ತು-ಹನ್ನೆರಡರ ಸುಮಾರಿಗೆ ನಡಿಗೆ ನಿಲ್ಲುತ್ತದೆ. ವರ್ಷ ಕಳೆದಂತೆ ಕೈ, ಎದೆ, ಉಸಿರಿನ ಸ್ನಾಯುಗಳೂ ಸೋಲುತ್ತವೆ. ಇದು ಮನೆಯವರಿಗೆ ಗೊತ್ತು. ಹುಡುಗನಿಗೂ ಗೊತ್ತು.

ಅವನಿಗೆ ಎಸ್ಸೆಸ್ಸೆಲ್ಸಿ ಬರೆಯಬೇಕೆಂಬ ಆಸೆ. ಕೈ ಸೋತರೆ ಬರೆದುಕೊಡುವ ಲಿಪಿಕಾರರ ಸೌಲಭ್ಯವಿದೆ, ಹೆಚ್ಚಿನ ಸಮಯವೂ ಸಿಗುತ್ತದೆ ಎಂದು ಟೀಚರಮ್ಮ ಹೇಳಿದ್ದಾರೆ. ತಂದೆಗೆ ಮೊದಮೊದಲು ಇದೆಲ್ಲ ಯಾತಕ್ಕೆ ಎನಿಸುತ್ತಿತ್ತು. ಮನಸ್ಸು ತಿರುಗಿದ್ದು ಭತ್ತದಿಂದ. ಮಳವಳ್ಳಿಯಿಂದ ಬನ್ನೂರಿನ ಕಡೆಗೆ ಕಿರುಗಾವಲು ಎಂಬ ಊರಿದೆ. ಅಲ್ಲಿ ಸೈಯದ್ ಘನಿಖಾನ್ ಎಂಬ ರೈತ ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹುಡುಗ ಪತ್ರಿಕೆಯಲ್ಲಿ ಓದಿ, ಕರೆದೊಯ್ಯುವಂತೆ ಹಟ ಹಿಡಿದ. ತಂದೆ ಆಟೊ ಗೊತ್ತುಮಾಡಿ, ಮಗನನ್ನು ಎತ್ತಿ ಕೂರಿಸಿಕೊಂಡು ಹೋದ. ರಾಜಮುಡಿ, ರತ್ನಚೂಡಿ, ಗಂಧಸಾಲೆ ಎಂದು ಹುಡುಗ ತೆನೆ ನೋಡಿ ಹೆಸರು ಬರೆದುಕೊಂಡ. ಹೆಸರೇ ಮರೆತಿದ್ದ ಕೆಲವು ತಳಿಗಳನ್ನು ತಂದೆ ತೆನೆಯಿಂದ ಗುರುತಿಸಿದ. ತನ್ನ ಅಪ್ಪ ಬೆಳೆಯುತ್ತಿದ್ದ ಭತ್ತಗಳವು. ಅಂದಿನಿಂದ ಸಂಜೆಯ ಪಾಠಕ್ಕೆ ತಂದೆಯೂ ಕೂರುತ್ತಾನೆ. ಯಾವ ಭತ್ತಕ್ಕೆ ಎಷ್ಟು ದಿನ, ಎಷ್ಟು ನೀರು ಎಂದು ಅವನು ಹೇಳುವುದು, ಮಗ ಬರೆಯುವುದು. ನೋಟ್‌ಬುಕ್ಕು ಈಗ ಎರಡನೆಯದು.

ಈ ಮನೆಗಳಲ್ಲಿ ಕಷ್ಟ ಮುಗಿದು ಸುಖ ಬಂದದ್ದಲ್ಲ. ಶಾಲೆಯನ್ನು ಹಾಗೆಯೇ ಮನೆಗೆ ಹೊತ್ತು ತರುವ ಹಟ ಬಿಟ್ಟಾಗ ಸಂತೋಷ ಒಳಗೆ ಬಂತು. ಅವರೆಬೇಳೆ, ರೈಲಿನ ಸದ್ದು, ಭತ್ತದ ತೆನೆ ಪಠ್ಯವಾದವು. ಹಾಗೆಂದು ಎಲ್ಲವನ್ನೂ ತಾಯಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಅವರೆಕಾಳು ಮನೆಯಲ್ಲೇ ಇತ್ತು. ಅದು ಪಾಠವೆಂದು ತೋರಿಸಿಕೊಡಲು ಟೀಚರಮ್ಮ ಬರಬೇಕಾಯಿತು. ಆಕೆ ಬಾರದ ತಿಂಗಳುಗಳಲ್ಲಿ ಕಲಿತದ್ದು ಹಿಂದೆ ಬೀಳುತ್ತದೆ, ಬಿಗಿದ ಕೈ ಇನ್ನಷ್ಟು ಬಿಗಿಯುತ್ತದೆ. ಹದಿನೆಂಟು ತುಂಬಿದ ಮೇಲೆ ಯಾರು ಬರುತ್ತಾರೆ ಎಂಬ ಚಿಂತೆಯಂತೂ ಮೂರೂ ಮನೆಗಳಲ್ಲಿದೆ.

ಮಳವಳ್ಳಿಯ ಹುಡುಗ ಕಳೆದ ವಾರ ಶಿವನಸಮುದ್ರದ ಪಾಠ ಓದುತ್ತಿದ್ದ. ಗಗನಚುಕ್ಕಿ ಅವನ ತಾಲ್ಲೂಕಿನದೇ. 1902ರಲ್ಲಿ ಅಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ದೀಪವಾಯಿತು.

“ನಮ್ಮೂರ್‌ಗೆ ಯಾಕವ್ವಾ ಮೊದ್ಲು ಬರ್ನಿಲ್ಲ?” ಎಂದು ಕೇಳಿದ.

“ನಂಗೊತ್ತಿಲ್ಲ ಕಂದಾ. ಬರ್ದಿಡು, ಟೀಚರಮ್ಮ ಬಂದಾಗ ಕೇಳಾನ” ಎಂದಳು ತಾಯಿ.

ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಟೀಚರಮ್ಮನಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಿದೆ. ಇದು ಹದಿನೇಳನೆಯದು. ಟೀಚರಮ್ಮ ಬರುವುದು ಗುರುವಾರ.