ಸಿಹಿಯ ಚಾಪಲ್ಯವೂ ಕಾಲುಭಾಗದ ಲೆಕ್ಕವೂ

ಸಂಸ್ಕೃತದಲ್ಲಿ ‘ಶರ್ಕರಾ’ ಎಂಬ ಶಬ್ದಕ್ಕೆ ಸಕ್ಕರೆಯೆಂಬ ಅರ್ಥವಿರುವಂತೆಯೇ ಹರಳು, ಮರಳುಕಲ್ಲು ಎಂಬ ಅರ್ಥವೂ ಉಂಟು. ಈ ಶಬ್ದವೇ ಪಾರಸಿ, ಅರಬ್ಬಿ ಭಾಷೆಗಳ ಮಾರ್ಗವಾಗಿ ಹೋಗಿ ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ನಮ್ಮ ‘ಖಂಡ’ವು ಅದೇ ದಾರಿಯಲ್ಲಿ ‘ಕ್ಯಾಂಡಿ’ಯಾಯಿತು. ಉಪಾಧ್ಯಾಯನಾಗಿದ್ದಷ್ಟು ಕಾಲವೂ ಈ ಸಂಗತಿಯನ್ನು ಹುಡುಗರಿಗೆ ಅಭಿಮಾನದಿಂದ ಹೇಳುತ್ತಿದ್ದೆನು. ಸಿಹಿಗೆ ಹೆಸರಿಟ್ಟ ನಾಡಿಗೆ ಸಿಹಿಯ ಕಷ್ಟವೂ ಹೊಸದಲ್ಲ. ಚರಕಸಂಹಿತೆಯು ಪ್ರಮೇಹಕ್ಕೆ ಕಾರಣಗಳನ್ನು ಎಣಿಸುವಾಗ ಸುಖವಾಗಿ ಕುಳಿತಿರುವುದು, ಹೆಚ್ಚು ನಿದ್ರೆ, ಮೊಸರು, ಹೊಸಧಾನ್ಯ ಇವುಗಳೊಡನೆ ಬೆಲ್ಲದ ತಿಂಡಿಗಳನ್ನೂ ಸೇರಿಸಿದೆ. ತಂದೆಯಿಂದ ಮಗನಿಗೆ ಬೀಜದೋಷದಿಂದ ಬರುವ ಪ್ರಮೇಹವನ್ನೂ ಆ ಗ್ರಂಥವು ಬಲ್ಲುದು.

ಈ ಕೊನೆಯ ಮಾತು ನಮ್ಮ ಮನೆಗೆ ಸಂಬಂಧಿಸಿದ್ದಾದುದರಿಂದ ಇದನ್ನು ಬರೆಯಬೇಕಾಯಿತು. ನಮ್ಮ ತಂದೆಯವರಿಗೆ ಮಧುಮೇಹವಿದ್ದಿತು. ಜೀವಮಾನದ ಕೊನೆಯ ಆರು ವರ್ಷ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಿತ್ಯಪಾರಾಯಣದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಓದಿದಂತೆ ಪುಟ ತಿರುವುತ್ತಿದ್ದರು. ಪುಟ ಮುಗಿಯುವ ಸ್ಥಳವು ಅವರಿಗೆ ನೆನಪಿನಿಂದಲೇ ತಿಳಿಯುತ್ತಿದ್ದಿತು. ಎರಡು ವರ್ಷದ ಹಿಂದೆ ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಬರಿಯ ಹೊಟ್ಟೆಯ ಸಕ್ಕರೆ 118 ಇದೆಯೆಂದರು. 100ರೊಳಗಿರಬೇಕಾದುದು, 126 ಮುಟ್ಟಿ ಎರಡನೆಯ ಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಅದು ರೋಗವೆನಿಸುವುದು. “ಇನ್ನೂ ಹೊಸ್ತಿಲಾಚೆ ಹೋಗಿಲ್ಲ, ಮೇಷ್ಟ್ರೇ, ಹಿಂದಕ್ಕೆ ಬರಲು ಅವಕಾಶವುಂಟು” ಎಂದು ಆ ಮಹನೀಯರು ಹೇಳಿದರು. ನನಗೆ ತಂದೆಯವರ ಬೆರಳುಗಳು ನೆನಪಿಗೆ ಬಂದವು.

ಮೊದಲು ಮನೆಯ ಲೆಕ್ಕವನ್ನು ತೆಗೆದೆನು. ನಾವು ನಾಲ್ವರಿಗೆ ತಿಂಗಳಿಗೆ ನಾಲ್ಕು ಕಿಲೋ ಸಕ್ಕರೆ, ಎರಡು ಕಿಲೋ ಬೆಲ್ಲ ಖರ್ಚಾಗುತ್ತಿದ್ದಿತು. ಭಾಗಿಸಿದರೆ ತಲೆಗೆ ದಿನವೊಂದಕ್ಕೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸೂಚನೆಯಂತೆ, ಆಹಾರಕ್ಕೆ ಬೆರೆಸುವ ಸಕ್ಕರೆಯಿಂದ ಬರುವ ಶಕ್ತಿಯು ಒಟ್ಟು ಆಹಾರದ ಹತ್ತನೆಯ ಒಂದು ಪಾಲನ್ನು ಮೀರಕೂಡದು. 2000 ಕ್ಯಾಲೊರಿ ಉಣ್ಣುವವನಿಗೆ ಅದು ಸುಮಾರು 50 ಗ್ರಾಂ. ಅದರ ಅರ್ಧಕ್ಕೆ ಇಳಿಸುವುದು ಇನ್ನೂ ಉತ್ತಮ. ಹಾಗಾದರೆ ಅಡಿಗೆಮನೆಯ ಡಬ್ಬಿಯಿಂದಲೇ ನನ್ನ ಪಾಲು ಮುಗಿಯುತ್ತಿದ್ದಿತು. ನಾಲ್ಕು ಗಂಟೆಯ ಮೈಸೂರುಪಾಕು, ಸಂಜೆಯ ತಿರುಗಾಟದಲ್ಲಿ ಅಂಗಡಿಯವನು ಎಲೆಯಲ್ಲಿ ಕಟ್ಟಿಕೊಡುತ್ತಿದ್ದ ಜಹಾಂಗೀರು, ಇವು ಲೆಕ್ಕದ ಹೊರಗಿನವು.

ಒಂದೇ ದಿನ ಎಲ್ಲವನ್ನೂ ತ್ಯಜಿಸುವುದು ಶೂರತನವಾಗಿ ತೋರಬಹುದು. ಆದರೆ ವಿಷಯವು ದೂರವಾದರೂ ಅದರ ರುಚಿಯು ಮನಸ್ಸಿನಲ್ಲಿ ಉಳಿಯುವುದೆಂದು ಗೀತೆಯೇ ಎಚ್ಚರಿಸಿದೆ. ನನಗೆ ದಾರಿ ತೋರಿಸಿದುದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ. ರೂಢಿಯಾಗಿರುವ ಅಹಿತವನ್ನು ಕಾಲುಕಾಲು ಭಾಗವಾಗಿ ಬಿಡಬೇಕು. ಬಿಟ್ಟ ಸ್ಥಳದಲ್ಲಿ ಅಷ್ಟೇ ಪ್ರಮಾಣದ ಹಿತವನ್ನು ತುಂಬಬೇಕು. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವಣ ಅಂತರವನ್ನು ಕ್ರಮವಾಗಿ ಹೆಚ್ಚಿಸಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಗ್ರಂಥವು ದಿನಗಳನ್ನು ಹೇಳಿದೆ, ನಾನು ವಾರಗಳನ್ನಿಟ್ಟುಕೊಂಡೆನು. ದಿನಕ್ಕೆ ಎರಡು ಲೋಟ ಕಾಫಿಗೆ ನಾಲ್ಕು ಚಮಚ ಸಕ್ಕರೆಯಿದ್ದುದು ಎರಡು ವಾರ ಮೂರಾಯಿತು, ಮುಂದಿನ ಮೂರು ವಾರ ಎರಡು, ಬಳಿಕ ನಾಲ್ಕು ವಾರ ಒಂದು, ಅನಂತರ ಶೂನ್ಯ. ಮೈಸೂರುಪಾಕಿನ ತುಂಡೂ ಇದೇ ಲೆಕ್ಕದಲ್ಲಿ ಕಿರಿದಾಗುತ್ತ ಬಂದಿತು. ಅದು ತೆರವುಮಾಡಿದ ಸ್ಥಳಕ್ಕೆ ಹುರಿಗಡಲೆ, ನೆಲಗಡಲೆ, ಹೆಸರುಬೇಳೆಯ ಕೋಸಂಬರಿ ಬಂದವು. ಬೇಳೆಕಾಳುಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವುದರಿಂದ ಹಸಿವು ಬೇಗನೆ ಮರಳುವುದಿಲ್ಲ.

ಚಾಪಲ್ಯಕ್ಕೆ ಒಂದು ಸ್ವಭಾವವುಂಟೆಂದು ಈ ಕಾಲದಲ್ಲಿ ಗಮನಿಸಿದೆನು. ಅದು ಹಸಿವಿನಂತೆ ಬೆಳೆಯುತ್ತ ಹೋಗತಕ್ಕದ್ದಲ್ಲ. ಗಡಿಯಾರವು ನಾಲ್ಕು ಹೊಡೆಯುವುದು, ಡಬ್ಬಿಯ ಮುಚ್ಚಳದ ಸದ್ದು, ಅಂಗಡಿಯ ತುಪ್ಪದ ವಾಸನೆ, ಇಂಥ ಯಾವುದಾದರೊಂದು ನೆವದಿಂದ ಏಳುತ್ತದೆ. ಕಾಲು ಗಂಟೆ ತಡೆದರೆ ತಾನಾಗಿಯೇ ಇಳಿಯುತ್ತದೆ. ಆದುದರಿಂದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದೆವು; ತಿರುಗಾಟದ ಬೀದಿಯನ್ನು ಬದಲಿಸಿದೆನು; ನಾಲ್ಕು ಗಂಟೆಗೆ ಒಂದು ಲೋಟ ನೀರುಮಜ್ಜಿಗೆ ಕುಡಿದು ಹೂವಿನ ಪಾತಿಗೆ ನೀರು ಹಾಕತೊಡಗಿದೆನು. ನೆವವನ್ನು ತಪ್ಪಿಸಿದವನಿಗೆ ಕಾದಾಟವು ಅರ್ಧ ಕಡಮೆಯಾಗುವುದು.

ನಿಜವಾದ ಕಷ್ಟವಿದ್ದುದು ನಾಲಗೆಯಲ್ಲಲ್ಲ. ಮೂವತ್ತೈದು ವರ್ಷದಿಂದ ನನ್ನ ಪತ್ನಿಯು ಬೇಸರವಾದಾಗ, ಸಂತೋಷವಾದಾಗ, ಮಾತು ಬಿಟ್ಟಿದ್ದ ದಿನ ಮತ್ತೆ ಮಾತಾಡಿಸಬೇಕಾದಾಗ, ರವೆಯುಂಡೆಯನ್ನು ತಟ್ಟೆಯಲ್ಲಿಟ್ಟು ಮುಂದಿಡುತ್ತಿದ್ದಳು. ಅದನ್ನು ಬೇಡವೆನ್ನುವುದು ಆಕೆಯ ಕೈಯನ್ನೇ ಸರಿಸಿದಂತೆ. ಮೊದಲ ವಾರ ಆಕೆ ಮೌನವಾಗಿಯೇ ತಟ್ಟೆಯನ್ನು ಒಳಗೆ ಕೊಂಡುಹೋದಳು. ಎರಡನೆಯ ವಾರ, “ಹಬ್ಬಕ್ಕೂ ಬೇಡವೆನ್ನುತ್ತೀರಾ?” ಎಂದು ಕೇಳಿದಳು. “ಹಬ್ಬಕ್ಕೆ ಬೇಕು, ಬರಿಯ ಮಂಗಳವಾರಕ್ಕೆ ಬೇಡ” ಎಂದೆನು. ಆಕೆ ನಕ್ಕಳು. ಯುಗಾದಿಯ ಬೇವುಬೆಲ್ಲ, ಸಂಕ್ರಾಂತಿಯ ಎಳ್ಳು, ಚೌತಿಯ ಕಡುಬು ಹಾಗೆಯೇ ಉಳಿದವು. ಒಂದೊಂದೇ ಆದರೂ ಎಲೆಗೆ ಬೀಳುತ್ತವೆ. ಈಗ ನಾಲ್ಕು ಗಂಟೆಗೆ ಆಕೆಯೂ ಹೊರಗೆ ಬಂದು ಪಾತಿಯ ಬಳಿ ನಿಲ್ಲುತ್ತಾಳೆ. ತಟ್ಟೆಯಿಂದ ಆಗುತ್ತಿದ್ದ ಕೆಲಸವು ಮಾತಿನಿಂದ ಆಗುತ್ತದೆ.

ಇಲ್ಲಿ ಎರಡು ಮಾತುಗಳನ್ನು ಹೇಳುವುದು ಅವಶ್ಯಕ. ಸಕ್ಕರೆಯನ್ನು ಬಿಟ್ಟು ಬೆಲ್ಲಕ್ಕೂ ಜೇನಿಗೂ ತಿರುಗಿದರೆ ದೋಷವಿಲ್ಲವೆಂದು ಹಲವರು ನಂಬಿದ್ದಾರೆ. ಬೆಲ್ಲದಲ್ಲಿ ಕಬ್ಬಿಣವೇ ಮೊದಲಾದ ಲವಣಗಳು ಸ್ವಲ್ಪ ಇದ್ದರೂ ಅದರ ಬಹುಭಾಗವು ಸಕ್ಕರೆಯೇ; ರಕ್ತವು ಬಣ್ಣವನ್ನು ನೋಡುವುದಿಲ್ಲ. ಎರಡನೆಯದಾಗಿ, ಮಧುಮೇಹಕ್ಕೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಆಹಾರವನ್ನು ಹಠಾತ್ತಾಗಿ ಬದಲಿಸಕೂಡದು. ಅವರ ರಕ್ತದ ಸಕ್ಕರೆಯು ಮಿತಿಮೀರಿ ಇಳಿದರೆ ಬೆವರು, ನಡುಕ, ತಲೆತಿರುಗುವಿಕೆ ಬರುವುವು. ಆಗ ಸಕ್ಕರೆಯೇ ಔಷಧವಾಗುವುದು.

ಹತ್ತು ತಿಂಗಳ ಅನಂತರ ಪರೀಕ್ಷೆಯಲ್ಲಿ 118 ಇದ್ದುದು 102 ಆಗಿದ್ದಿತು. ಇದು ಜಯಭೇರಿ ಹೊಡೆಯತಕ್ಕ ಅಂಕಿಯಲ್ಲ; ಬೀಜದಲ್ಲಿ ಬಂದುದು ಎಲ್ಲಿಯೂ ಹೋಗುವುದಿಲ್ಲ. ಆದರೆ ಎದುರುನೋಡದಿದ್ದ ಒಂದು ಲಾಭವಾಯಿತು. ಕಾಫಿಯಲ್ಲಿ ಹಾಲಿನ ಸವಿ ತಿಳಿಯತೊಡಗಿತು. ಅನ್ನವನ್ನು ಚೆನ್ನಾಗಿ ಅಗಿದರೆ ಬಾಯಲ್ಲಿಯೇ ಸಿಹಿ ಹುಟ್ಟುವುದು. ಜೊಲ್ಲು ಅನ್ನದ ಹಿಟ್ಟನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆನು; ನಾಲಗೆಗೆ ತಿಳಿದುದು ಈ ವಯಸ್ಸಿನಲ್ಲಿ. ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ನಾಳೆಯ ಲೋಟದಿಂದ ಕಾಲು ಭಾಗವನ್ನು ಮಾತ್ರ ತೆಗೆಯಿರಿ. ಉಳಿದ ಮುಕ್ಕಾಲನ್ನು ಸಂತೋಷವಾಗಿ ಕುಡಿಯಿರಿ.