ಒಂದು ಗುಟುಕು ನೀರು

ನಮ್ಮಣ್ಣನ ಮಗಳು ಲಂಡನ್ನಿನಲ್ಲಿ ಎರಡು ವರ್ಷ ಓದಿ ಬಂದವಳು. ರಜೆಗೆಂದು ತುಮಕೂರಿನ ನಮ್ಮ ಮನೆಗೆ ಬಂದಿದ್ದಳು. ಅಲ್ಲಿ ಏನೇನು ನೋಡಿದೆಯೇ ಎಂದರೆ, ಅರಮನೆ ಗಿರಮನೆ ಎಲ್ಲ ಬಿಟ್ಟು "ಕೊಲೆ ನಡೆದ ಜಾಗಗಳನ್ನ ನೋಡ್ದೆ ಅತ್ತೆ" ಅನ್ನಬೇಕೆ!

1888ರಲ್ಲಿ ಅಲ್ಲಿನ ವೈಟ್‌ಚಾಪೆಲ್ ಎಂಬ ಬಡವರ ಕೇರಿಯಲ್ಲಿ ಒಬ್ಬ ಕಡೇ ಪಕ್ಷ ಐದು ಜನ ಹೆಂಗಸರನ್ನು ಕೊಂದ. ಯಾರೆಂದು ಇವತ್ತಿಗೂ ಪತ್ತೆಯಿಲ್ಲ. ಜ್ಯಾಕ್ ದಿ ರಿಪ್ಪರ್ ಎಂಬ ಹೆಸರು ಮಾತ್ರ ಉಳಿದಿದೆ. ಸಂಜೆಯಾಗುತ್ತಲೇ ಗೈಡು ಮುಂದೆ, ದುಡ್ಡು ಕೊಟ್ಟವರು ಹಿಂದೆ. ಇಲ್ಲಿ ಒಬ್ಬಳು ಬಿದ್ದಿದ್ದಳು, ಅಲ್ಲಿ ಇನ್ನೊಬ್ಬಳು ಎಂದು ಗಲ್ಲಿ ಗಲ್ಲಿ ಸುತ್ತಿಸುತ್ತಾರಂತೆ. ನಾನು ಗುಬ್ಬಿಯವಳು. ವೀರಣ್ಣನವರ ನಾಟಕ ಕಂಪನಿಯ ಊರು ನನ್ನ ತವರು. ಟಿಕೆಟ್ ಕೊಂಡು ಕೊಲೆ ನೋಡುವುದು ನಮಗೇನೂ ಹೊಸದಲ್ಲ. ಆದರೆ ನಾಟಕದಲ್ಲಿ ಸತ್ತವಳು ಪರದೆ ಬಿದ್ದ ಮೇಲೆ ಎದ್ದು, ಸೀರೆ ಕೊಡವಿಕೊಂಡು ಕಾಫಿ ಕುಡಿಯುತ್ತಾಳೆ.

"ನಮ್ಮ ಕಡೆ ಇಂಥದ್ದೇನೂ ಇಲ್ವಾ ಅತ್ತೆ?" ಎಂದಳು. ಇಲ್ಲ ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಮಾರನೆಯ ದಿನ ಇಬ್ಬರೂ ಕುಣಿಗಲ್ ಬಸ್ಸು ಹತ್ತಿದೆವು.

ಕುಣಿಗಲ್ ಕೆರೆ ಕಂಡಾಗ ಹುಡುಗಿ ಆ ಜಾನಪದ ಹಾಡನ್ನು ಗುನುಗಿದಳು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಾಸನದ ರಸ್ತೆಯಲ್ಲಿ ಎಡೆಯೂರು. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಊರು. ಹೆಂಗಸರು ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನೆಲ್ಲ ಹೇಳಿಕೊಳ್ಳಲು ಬರುವ ಜಾಗ.

ದೇವಸ್ಥಾನದ ಸುತ್ತ ನಡೆಯುತ್ತ ನಾನೇ ಗೈಡಾದೆ. ಸೈನೈಡ್ ಮಲ್ಲಿಕಾ ಎಂದು ಪತ್ರಿಕೆಯವರು ಕರೆದ ಕೆಂಪಮ್ಮನ ಕಥೆ ಹೇಳಿದೆ. ಗಂಡ ದರ್ಜಿ. ಚೀಟಿ ವ್ಯವಹಾರದಲ್ಲಿ ಕೈ ಸುಟ್ಟುಕೊಂಡು ಮನೆಯಿಂದ ಹೊರಬಿದ್ದವಳು. 1999ರಲ್ಲಿ ಒಂದು ಕೊಲೆ. ಆಮೇಲೆ 2007ರ ಕೊನೆಯ ತಿಂಗಳುಗಳಲ್ಲಿ ಒಂದರ ಹಿಂದೆ ಒಂದು. ದೇವಸ್ಥಾನಗಳಲ್ಲಿ ಕಣ್ಣೀರು ಹಾಕುತ್ತ ಕೂತವರ ಪಕ್ಕ ಹೋಗಿ ಕೂರುತ್ತಿದ್ದಳು. ಯಾಕಮ್ಮ ಎಂದು ವಿಚಾರಿಸುತ್ತಿದ್ದಳು. ನಿನ್ನ ಕಷ್ಟಕ್ಕೊಂದು ಪೂಜೆಯಿದೆ, ಒಡವೆಯನ್ನೆಲ್ಲ ಹಾಕಿಕೊಂಡು ಬಾ ಎಂದು ದೂರದ ಕ್ಷೇತ್ರಕ್ಕೆ ಕರೆಯುತ್ತಿದ್ದಳು. ಕಣ್ಣು ಮುಚ್ಚು ಎಂದು ತೀರ್ಥ ಕೊಡುತ್ತಿದ್ದಳು. ಅದರಲ್ಲಿ ಅಕ್ಕಸಾಲಿಗರು ಒಡವೆ ತೊಳೆಯಲು ಬಳಸುವ ಸೈನೈಡ್. ಹೀಗೆ ಸತ್ತವರಲ್ಲಿ ಒಬ್ಬರು ಇದೇ ಎಡೆಯೂರಿನಲ್ಲಿ, ಮತ್ತೊಬ್ಬರು ನಮ್ಮ ಸಿದ್ಧಗಂಗೆಯಲ್ಲಿ. ಆ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಒಡವೆ ಸಮೇತ ಸಿಕ್ಕಿಬಿದ್ದಳು. ಮೊದಲು ಮರಣದಂಡನೆಯಾಯಿತು. ಆಮೇಲೆ ಅದು ಜೀವಾವಧಿಗೆ ಇಳಿಯಿತು.

"ಇಲ್ಲಿ ಸತ್ತವಳ ಹೆಸರೇನತ್ತೆ?"

ನನಗೆ ಗೊತ್ತಿರಲಿಲ್ಲ. ಕೊಂದವಳ ಗಂಡನ ಕಸುಬು ಗೊತ್ತು, ಅವಳ ಚೀಟಿ ವ್ಯವಹಾರ ಗೊತ್ತು. ಸತ್ತವರು ಬೇಡಲು ಬಂದದ್ದೇನೆಂದು ಮಾತ್ರ ಓದಿದ ನೆನಪಿತ್ತು. ಒಬ್ಬಾಕೆಗೆ ಮಗು ಬೇಕಿತ್ತು. ಒಬ್ಬಾಕೆಗೆ ಕಾಣೆಯಾದ ಮೊಮ್ಮಗಳು ಸಿಗಬೇಕಿತ್ತು. ಇನ್ನೊಬ್ಬಾಕೆಗೆ ಉಬ್ಬಸ ವಾಸಿಯಾಗಬೇಕಿತ್ತು, ಅಷ್ಟೆ. ನೀವೋ ನಾನೋ ಯಾವತ್ತಾದರೂ ಬೇಡಿಕೊಂಡಿರುವಂಥದ್ದೇ.

ಹುಡುಗಿಗೆ ಹೇಳದೆ ಬಿಟ್ಟದ್ದೊಂದಿದೆ. ಅದನ್ನು ಇಲ್ಲಿ ಬರೆಯುತ್ತೇನೆ.

2008ರಲ್ಲಿ ನಮ್ಮ ಯಜಮಾನರಿಗೆ ಆಪರೇಷನ್ ಆಗಬೇಕಿತ್ತು. ಮನೆಯಲ್ಲಿ ಅಳುವಂತಿಲ್ಲ, ಮಕ್ಕಳು ಗಾಬರಿಯಾಗುತ್ತಾರೆ. ಒಂದು ಸೋಮವಾರ ಒಬ್ಬಳೇ ಎಡೆಯೂರಿಗೆ ಬಂದು, ಕಂಬಕ್ಕೊರಗಿ ಕೂತು ಮನಸಾರೆ ಅತ್ತೆ. ಪಕ್ಕದಲ್ಲಿ ಯಾರೋ ಕೂತರು. ಮಾಸಿದ ಹಸಿರು ಸೀರೆ, ಕೈಯಲ್ಲೊಂದು ಬುಟ್ಟಿ. "ಯಾಕಕ್ಕ, ಏನಾಯ್ತು?" ಎಂದಳು. ನನಗೆ ಬಿಕ್ಕಳಿಕೆ ನಿಲ್ಲಲಿಲ್ಲ. ಬುಟ್ಟಿಯಿಂದ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, "ಒಂದು ಗುಟುಕು ನೀರು ಕುಡಿ" ಎಂದು ಚಾಚಿದಳು.

ಆ ತಿಂಗಳುಗಳಲ್ಲಿ ಟಿವಿಯಲ್ಲಿ ಕೆಂಪಮ್ಮನ ಮುಖ ಬಿಟ್ಟರೆ ಬೇರೆಯದಿರಲಿಲ್ಲ. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು, ಸರವನ್ನು ಸೆರಗಿನೊಳಗೆ ಸೇರಿಸಿದೆ. ಇನ್ನೊಂದು ಕೈಯಿಂದ ಬಾಟಲಿಯನ್ನು ತಳ್ಳಿದೆ. ಮೆಲ್ಲಗಲ್ಲ, ಜೋರಾಗಿಯೇ. ನೀರು ಅವಳ ಸೀರೆಯ ಮೇಲೆ ಚೆಲ್ಲಿತು.

ಅವಳು ಬೈಯಲಿಲ್ಲ. ನನ್ನನ್ನೇ ನೋಡುತ್ತ ಬಾಟಲಿಯಿಂದ ತಾನೇ ಎರಡು ಗುಟುಕು ಕುಡಿದಳು. "ನಾನೂ ಟಿವಿ ನೋಡಿವ್ನಿ ಬಿಡಕ್ಕ" ಎಂದು ಸೀರೆಯ ನೆರಿಗೆ ಹಿಂಡಿಕೊಂಡಳು. ಬುಟ್ಟಿ ಎತ್ತಿಕೊಂಡು ಗದ್ದುಗೆಯ ಸಾಲಿನಲ್ಲಿ ಹೋಗಿ ನಿಂತಳು. ಅವಳಿಗೂ ಏನೋ ಇತ್ತು, ಇಲ್ಲದೆ ಬಂದಿರುತ್ತಿರಲಿಲ್ಲ. ಯಾಕಮ್ಮ ಎಂದು ನಾನು ಕೇಳಲಿಲ್ಲ. ಎದ್ದು ಹೋಗಿ ಕೇಳೋಣ ಎನ್ನುವಷ್ಟರಲ್ಲಿ ಸಾಲು ಒಳಗೆ ಸರಿದಿತ್ತು. ನಮ್ಮ ಯಜಮಾನರು ಗುಣವಾಗಿ ಮನೆಗೆ ಬಂದರು. ಹರಕೆ ತೀರಿಸಲು ಹೋದಾಗಲೆಲ್ಲ ಕಣ್ಣು ಹಸಿರು ಸೀರೆಯನ್ನು ಹುಡುಕಿದೆ. ಹದಿನೈದು ವರ್ಷಕ್ಕೂ ಹೆಚ್ಚಾಯಿತು, ಎದುರಿಗೆ ಬಂದರೂ ಗುರುತು ಸಿಗಲಾರದು.

ಕೊಲೆ ಆದ ಕೋಣೆ ಯಾವುದೆಂದು ಹುಡುಗಿ ಕೇಳಿದಳು. ಗೊತ್ತಿಲ್ಲ ಎಂದೆ. ಯಾರನ್ನಾದರೂ ಕೇಳೋಣವೇ ಎಂದಳು. ಬೇಡ ಕಣೇ, ಹಸಿವಾಗ್ತಿದೆ ಎಂದು ದಾಸೋಹಕ್ಕೆ ಕರೆದುಕೊಂಡು ಹೋದೆ. ಅನ್ನ ಸಾರು ಉಂಡು, ಕೈ ತೊಳೆದು, ಹೊರಟೆವು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಮಡಿಲಿನ ಪೊಟ್ಟಣ ಬಿಚ್ಚಿ ಹುರಿದ ಕಡಲೆಕಾಯಿ ಕೊಟ್ಟಳು. ಹುಡುಗಿ "ಥ್ಯಾಂಕ್ಸ್ ಆಂಟಿ" ಎಂದು ಬೊಗಸೆಯೊಡ್ಡಿ ಈಸಿಕೊಂಡಳು. ನಾನೂ ಕೈ ಚಾಚಿದೆ. ಆದರೆ ಆಕೆ ಒಂದನ್ನು ಸುಲಿದು ತಾನು ಬಾಯಿಗೆ ಹಾಕಿಕೊಳ್ಳುವವರೆಗೆ ಕಡಲೆಕಾಯಿ ನನ್ನ ಮುಷ್ಟಿಯಲ್ಲೇ ಇದ್ದವು.